ತುರ್ಗುನ್ ಕೊಟ್ಟ ಸುಯುಂಚು

ಬೆಳಿಗ್ಗೆ ಒಂಬತ್ತಕ್ಕೆ ತುರ್ಗುನ್‌ನ ಕಂಪ್ಯೂಟರಿನ ಪರದೆಯ ಮೇಲೆ ಬೂದು ಬಣ್ಣದ ಚೌಕವೊಂದು ಮೂಡಿತು. ‘ಪ್ಲಗ್-ಇನ್ ಕುಸಿದಿದೆ’ ಎಂದು ಅದರೊಳಗೆ ಬರೆದಿತ್ತು.

ನರಿನ್ ಪಟ್ಟಣದ ನೀರಿನ ಕಚೇರಿಯ ಸರ್ವರ್ ಇದ್ದದ್ದು ನೆಲಮಾಳಿಗೆಯಲ್ಲಿ. ಅದನ್ನು ನೋಡಿಕೊಳ್ಳುವುದೆಲ್ಲ ಮೇಲಿನಿಂದ, ಬ್ರೌಸರಿನ ಒಂದು ಪುಟದ ಮೂಲಕ. ಬಾಗಿಲಿಗೆ ಕೀಲು ಹೇಗೋ ಆ ಪುಟಕ್ಕೆ ಪ್ಲಗ್-ಇನ್ ಹಾಗೆ. ಇದನ್ನೆಲ್ಲ ಕೂರಿಸಿದ ಅಸನಾಲಿ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಹಳೆಯ ಕಂಪ್ಯೂಟರು ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಅವನ ಕುರ್ಚಿಯಲ್ಲಿ ಈಗ ತುರ್ಗುನ್ ಕೂರುತ್ತಿದ್ದ. ಕೂರುವ ಮುನ್ನ ದಿನವೂ ಅಂಗೈಗಳನ್ನು ಮುಖಕ್ಕೆ ಸವರಿ ಸತ್ತವನಿಗಾಗಿ ದೇವರಲ್ಲಿ ಬೇಡುತ್ತಿದ್ದ. ಈ ಕುರ್ಚಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಗುಡ್ಡ ಹತ್ತಿ ಮನೆಮನೆಯ ನೀರಿನ ಮೀಟರ್ ಓದಿದವನು ತುರ್ಗುನ್. ಅವನ ಮೀನಖಂಡದಲ್ಲಿ ಮೂರು ನಾಯಿಗಳ ಹಲ್ಲಿನ ಗುರುತಿತ್ತು.

ಕಚೇರಿಯ ಮುಖ್ಯಸ್ಥ ಕಲಿಚ್ ಬಾಗಿಲಲ್ಲಿ ನಿಂತ.

“ಸಂಜೆ ಐದರೊಳಗೆ ಸರ್ವರ್ ಚೆನ್ನಾಗಿದೆ ಅಂತ ಆ ಪುಟ ಅಚ್ಚು ಹಾಕಿ ರಾಜಧಾನಿಗೆ ಕಳಿಸ್ಬೇಕಂತೆ. ಇಲ್ಲಾಂದ್ರೆ ಉಸ್ತುವಾರಿ ಅವರೇ ತಗೋತಾರೆ. ನಿನ್ನ ಹಳೇ ಬೂಟು ಇನ್ನೂ ಇದೆಯಾ, ತುರ್ಗುನ್?”

“ಇದೆ ಅಣ್ಣ.”

“ಎಣ್ಣೆ ಹಚ್ಚಿಡು.”

ತುರ್ಗುನ್ ಪ್ಲಗ್-ಇನ್ ಕಿತ್ತು ಹೊಸದಾಗಿ ಕೂರಿಸಿದ. ಬ್ರೌಸರಿನ ಹಳೆಯ ನೆನಪನ್ನೆಲ್ಲ ಅಳಿಸಿದ. ಪುಟ ತೆರೆದು, ನಿಮಿಷ ತುಂಬುವುದರೊಳಗೆ ಮತ್ತೆ ಬೂದು ಚೌಕ. ತನ್ನ ಬೆನ್ನ ಹಿಂದೆ ಯಾರೋ ಸರ್ವರ್ ಮುಟ್ಟುತ್ತಿದ್ದಾರೆಂಬ ಗುಮಾನಿ ಅವನಿಗೆ ಒಂದು ವಾರದಿಂದ ಇತ್ತು. ಹಿಂದಿನ ಸಂಜೆಯೇ ಅದಕ್ಕೆ ತಕ್ಕ ಏರ್ಪಾಟನ್ನೂ ಮಾಡಿದ್ದ. ಈಗ ಗುಮಾನಿ ಗಟ್ಟಿಯಾಯಿತು. ಆದರೂ ಬೇರೆ ದಾರಿಯಿಲ್ಲದೆ, ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿ ಎಂದು ಕೇಳಿಕೊಂಡ.

ಹತ್ತಕ್ಕೆ, ದೂರಿನ ಫೋನು ನೋಡಿಕೊಳ್ಳುವ ಬುರುಲ್ ಅಂಗೈ ಚಾಚಿಕೊಂಡು ಬಂದಳು.

“ಸುಯುಂಚು, ತುರ್ಗುನ್.”

ಒಳ್ಳೆಯ ಸುದ್ದಿ ತಂದವರು ಮೊದಲು ಕೈ ಚಾಚುತ್ತಾರೆ. ಏನಾದರೂ ಕೊಟ್ಟ ಮೇಲೆಯೇ ಸುದ್ದಿ; ಆ ಕೊಡುಗೆಯೇ ಸುಯುಂಚು. ಕೊಡದೆ ಕೇಳಿದರೆ ಸುದ್ದಿ ನಿಲ್ಲುವುದಿಲ್ಲವೆಂದು ತುರ್ಗುನ್‌ನ ತಾಯಿ ಹೇಳುತ್ತಿದ್ದಳು. ಅವನು ಮಧ್ಯಾಹ್ನಕ್ಕೆಂದು ತಂದಿದ್ದ ಅಕ್ರೋಟಿನ ಗಂಟನ್ನು ಕೊಟ್ಟ.

“ನನ್ನಲ್ಲಿ ಪುಟ ತೆರೆದಿದೆ,” ಎಂದಳು ಬುರುಲ್.

ಇಬ್ಬರೂ ಓಡಿದರು. ಪರದೆಯ ಮೇಲೆ ಬೂದು ಚೌಕ ಕೂತಿತ್ತು.

“ಈಗ ತಾನೇ ಇತ್ತಪ್ಪ,” ಎಂದು ಬುರುಲ್ ಅಕ್ರೋಟು ಒಡೆದಳು.

ಹನ್ನೊಂದೂವರೆಗೆ ಡ್ರೈವರ್ ಸಪಾರ್ ಬಂದು ಕೈ ಚಾಚಿದ. ತುರ್ಗುನ್ ಉಣ್ಣೆಯ ಕೊರಳವಸ್ತ್ರ ಬಿಚ್ಚಿಕೊಟ್ಟು ಶೆಡ್ಡಿಗೆ ಓಡಿದ. ಅಲ್ಲಿಯೂ ಅದೇ ಚೌಕ.

“ನಾನು ಬಂದ ತಕ್ಷಣ ಬೀಳೋದು ಹೇಗೋ?”

“ನಿನ್ನ ಮುಖ ನೋಡಿ ಹೆದರ್ತೇನೋ ಅಣ್ಣ,” ಎಂದ ಸಪಾರ್, ಕೊರಳವಸ್ತ್ರ ಸುತ್ತಿಕೊಳ್ಳುತ್ತ.

ತುರ್ಗುನ್ ಇಬ್ಬರನ್ನೂ ಓರೆಗಣ್ಣಿನಿಂದ ನೋಡತೊಡಗಿದ. ಇವರೇ ಬೀಳಿಸುತ್ತಾರೆ, ಇವರೇ ಎಬ್ಬಿಸುತ್ತಾರೆ, ಎಬ್ಬಿಸಿದ್ದಕ್ಕೆ ಸುಯುಂಚು ಕೀಳುತ್ತಾರೆ ಎಂದು ಲೆಕ್ಕ ಹಾಕಿದ. ಸಪಾರನ ಕಂಪ್ಯೂಟರಿನ ತಂತಿ ಎಳೆದುಹಾಕಿದ. ಎರಡು ಗಂಟೆಗೆ ಬುರುಲ್ ಮತ್ತೆ ಬಂದಾಗ ಕೈ ಹಿಂದಕ್ಕೆ ಕಟ್ಟಿ ನಿಂತ.

“ಮೊದ್ಲು ನೋಡ್ತೀನಿ ಅಕ್ಕ, ಆಮೇಲೆ ಕೊಡ್ತೀನಿ.”

“ನಮ್ಮಲ್ಲಿ ಯಾರಾದ್ರೂ ಹಾಗೆ ಮಾಡ್ತಾರಾ? ನಿಮ್ಮಮ್ಮ ಇದ್ದಿದ್ರೆ ನಾಚ್ಕೋತಿದ್ಲು.”

ತುರ್ಗುನ್ ಜೇಬಿನ ಪೆನ್ನು ಕೊಟ್ಟ. ಹೋಗಿ ನೋಡಿದರೆ ಚೌಕ.

“ಅಕ್ಕ, ನಿಜ ಹೇಳು. ನೀನೂ ಸಪಾರನೂ ಸೇರ್ಕೊಂಡಿದೀರಾ?”

ಬುರುಲ್ ಪೆನ್ನನ್ನು ಮುಡಿಗೆ ಸಿಕ್ಕಿಸಿಕೊಂಡಳು. “ನಿನಗೆ ಕಣ್ಣು ಬಿದ್ದಿದೆ ಕಣೋ. ಗುಡ್ಡ ಹತ್ತೋನು ಕುರ್ಚಿ ಹತ್ತಿದ್ರೆ ಬೀಳದೇ ಇರುತ್ತಾ? ಇರು.”

ಅವಳು ದೃಷ್ಟಿ ತೆಗೆಯಲು ಬಾಣಲೆಯಲ್ಲಿ ಗುಡ್ಡದ ಅರ್ಚಾ ಗಿಡದ ಒಣಗಿದ ಎಲೆ ಹೊಗೆಯಾಡಿಸಿಕೊಂಡು ಬಂದಳು. ತುರ್ಗುನ್‌ನ ತಲೆಗೆ ಮೂರು ಸುತ್ತು, ಅವನ ಕಂಪ್ಯೂಟರಿಗೆ ಮೂರು ಸುತ್ತು. ಹೊಗೆಗೆ ಕೆಮ್ಮುತ್ತ ಕಲಿಚ್ ಬಂದ. ಸಪಾರ್ ಕಿಟಕಿ ತೆರೆದ. ಬುರುಲ್ ಮೂಲೆಗೆ ಹೋಗಿ, ಅಸನಾಲಿಯ ಕಂಪ್ಯೂಟರಿಗೂ ಹೊಗೆ ತೋರಿಸಲೆಂದು ಕಸೂತಿ ಬಟ್ಟೆ ಎತ್ತಿದವಳು ಹಾಗೇ ನಿಂತಳು.

“ಇದು ಬೆಚ್ಚಗಿದೆ. ಒಳಗೆ ಏನೋ ತಿರುಗ್ತಿದೆ.”

“ವರ್ಷದಿಂದ ಯಾರೂ ಮುಟ್ಟಿಲ್ವಲ್ಲ,” ಎಂದ ಸಪಾರ್. ಅವನ ದನಿ ಇಳಿದಿತ್ತು.

ತುರ್ಗುನ್ ಬೆವರಿದ. ಮುಟ್ಟಿದವನು ಅವನೇ. ಕಳ್ಳನ ಮೇಲೆ ಕಣ್ಣಿಡಲು ಹಿಂದಿನ ಸಂಜೆ ಆ ಪುಟವನ್ನು ಇದರಲ್ಲಿಯೂ ತೆರೆದು, ನಿಮಿಷಕ್ಕೊಮ್ಮೆ ತಾನಾಗಿಯೇ ಹೊಸದಾಗಿ ತೆರೆಯುವಂತೆ ಹೊಂದಿಸಿ, ಪರದೆಯಾರಿಸಿ, ಬಟ್ಟೆ ಮುಚ್ಚಿ ಮನೆಗೆ ಹೋಗಿದ್ದ. ಆಗ ಅವನು ಬಟ್ಟೆ ಎತ್ತದೆ ಬಿಟ್ಟಿದ್ದ ಬದಿಯಲ್ಲಿ ಈಗ ಅಸನಾಲಿಯ ಅಕ್ಷರದ ಚೀಟಿ ಕಂಡಿತು: ‘ಪುಟವನ್ನು ಒಂದೇ ಕಡೆ ತೆರೆಯಿರಿ. ಎರಡನೆಯ ಕಡೆ ತೆರೆದರೆ ಪ್ಲಗ್-ಇನ್ ಕುಸಿಯುತ್ತದೆ.’

ಯಾರೂ ಓದುವ ಮೊದಲು ಅವನು ಚೀಟಿಯನ್ನು ಕಿತ್ತು ಜೇಬಿಗಿಟ್ಟ.

“ಪಾಪ ಅಸನಾಲಿ, ಈಗ್ಲೂ ಕೆಲಸ ಬಿಟ್ಟಿಲ್ಲ,” ಎಂದಳು ಬುರುಲ್. ಎಲ್ಲರೂ ಅಂಗೈ ಎತ್ತಿ ಮುಖಕ್ಕೆ ಸವರಿಕೊಂಡರು. ತುರ್ಗುನ್ ಎಲ್ಲರಿಗಿಂತ ಹೆಚ್ಚು ಹೊತ್ತು ಮುಖ ಮುಚ್ಚಿಕೊಂಡಿದ್ದ. ತನ್ನ ತಪ್ಪು ಸತ್ತವನ ಹೆಸರಿಗೆ ಹೋಗಲು ಬಿಟ್ಟಿದ್ದಕ್ಕೆ ಕ್ಷಮೆ ಕೇಳುವುದೂ ಇತ್ತು. ಆಮೇಲೆ ಮೆಲ್ಲಗೆ ಆ ಕಂಪ್ಯೂಟರಿನ ತಂತಿ ಕಿತ್ತ.

ಪುಟ ತೆರೆಯಿತು. ಒಂದು ನಿಮಿಷ ನಿಂತಿತು, ಹತ್ತು ನಿಮಿಷ ನಿಂತಿತು. ನಾಲ್ಕೂವರೆಗೆ ತುರ್ಗುನ್ ಅದನ್ನು ಅಚ್ಚು ಹಾಕಿ ರಾಜಧಾನಿಗೆ ಕಳಿಸಿ, ಬೆಳಗಿನಿಂದ ಮೊದಲ ಬಾರಿಗೆ ಚಹಾ ಕುಡಿದ. ಮೀನಖಂಡ ನೀವಿಕೊಂಡ.

ಐದಕ್ಕೆ ಫೋನು ಬಡಿದುಕೊಂಡಿತು. ಬುರುಲ್ ಓಡೋಡಿ ಬಂದು ಕೈ ಚಾಚಿದಳು.

“ಸುಯುಂಚು, ತುರ್ಗುನ್. ರಾಜಧಾನಿಯಿಂದ.”

ತುರ್ಗುನ್‌ನ ಬಳಿ ಉಳಿದದ್ದು ನರಿಯ ತುಪ್ಪಳದ ಟೊಪ್ಪಿ ಒಂದೇ. ಹೆಂಡತಿ ಕೊಡಿಸಿದ್ದು, ಈ ವರ್ಷದ್ದೇ. ಆದರೆ ಸುದ್ದಿಯೂ ಅಷ್ಟೇ ದೊಡ್ಡದು. ಅವನು ಸಂತೋಷದಿಂದ ಕೊಟ್ಟ.

“ನಿನ್ನ ಕಾಗದ ಸೇರ್ತಂತೆ,” ಎಂದಳು ಬುರುಲ್. “ಆದ್ರೆ ನಿನ್ನೆ ಸಂಜೆಯಿಂದ ನಿನ್ನ ಹೆಸರಲ್ಲಿ ಯಾರೋ ಸಾವಿರದ ಮುನ್ನೂರು ಸಲ ಸರ್ವರ್ ಒಳಗೆ ನುಗ್ಗಿದಾರಂತೆ. ಯಾವನೋ ಕಳ್ಳ ಅಂತ ಅವರಿಗೆ ಅನುಮಾನ. ಅದಕ್ಕೇ ಇವತ್ತಿಂದ ಸರ್ವರ್ ಅಲ್ಲಿಂದಲೇ ನೋಡ್ಕೋತಾರಂತೆ. ನಿನಗೆ ಇನ್ನು ಆ ತಲೆನೋವೇ ಇಲ್ಲ ಕಣೋ.”

ತುರ್ಗುನ್‌ನ ಕೈ ಟೊಪ್ಪಿಯ ಕಡೆಗೆ ಅರ್ಧ ಎದ್ದು ನಿಂತಿತು. ಕೊಟ್ಟ ಸುಯುಂಚು ವಾಪಸು ಕೇಳಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಕಲಿಚ್ ಮೀಟರ್ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದ. ಕಿಟಕಿಯಾಚೆ ಗುಡ್ಡದ ಮೇಲೆ ಹಿಮ ಬೀಳತೊಡಗಿತ್ತು.

ಬುರುಲ್ ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. “ನಾಳೆ ಗುಡ್ಡ ಹತ್ತುವಾಗ ತಲೆಗೆ ಏನಾದ್ರೂ ಹಾಕ್ಕೊಂಡು ಹೋಗಪ್ಪ,” ಎಂದಳು. “ಅಲ್ಲಿ ಗಾಳಿ ಚುಚ್ಚುತ್ತೆ.”