ಹೊತ್ತಿಗೆ ಮುಂಚೆ ತೆರೆದುಕೊಂಡ ಪಾರ್ಕಿನ ಬೀಗದವರಿಗೆ

ಶ್ರೀಗಂಧದ ಕಾವಲ್‌ನ ನಮ್ಮ ಬಡಾವಣೆಯ ಉದ್ಯಾನವನದ ಗೇಟಿನಲ್ಲಿ ಸರಪಳಿ ಸಮೇತ ಬಿಜಯಂಗೈದಿರುವ, ಹಿತ್ತಾಳೆ ಮೈಕಾಂತಿಯ, ದೃಢಚಿತ್ತದ ಬೀಗ ಮಾನ್ಯರೇ,

ಎದುರು ರಸ್ತೆಯ ಮೂಲೆಮನೆಯ ಹನುಮಂತಯ್ಯ ಮಾಡುವ ನಮಸ್ಕಾರಗಳು. ತಾವೂ ತಮ್ಮ ಸರಪಳಿಯವರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರದಲ್ಲಿರುವ ಕಥೆಯನ್ನು ಮೊದಲು ಹೇಳಿದವನು ನಾನಲ್ಲ. ನನ್ನ ಸೊಸೆ ಶಶಿಕಲಾ ನಿನ್ನೆ ಸೋಮವಾರ ಸಂಜೆ ಪಕ್ಕದ ಮನೆಯ ಅಂಬುಜಮ್ಮನವರ ಮೆಟ್ಟಿಲ ಮೇಲೆ ಕೂತು, ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ಬೀದಿಯ ಹೆಂಗಸರಿಗೆ ಹೇಳಿದಳು. ನಾನು ಕಿಟಕಿಯ ಈಚೆ ಪೇಪರ್ ಹಿಡಿದು, ಓದುವವನಂತೆ ಎಲ್ಲವನ್ನೂ ಕೇಳಿಸಿಕೊಂಡೆ.

ಮೊದಲಿಗೆ ತಮ್ಮ ಕಾರ್ಯವೈಖರಿಗೆ ಅಭಿನಂದನೆ. ಬಿಸಿಲಿಲ್ಲದ ಹೊತ್ತಿನಲ್ಲಿ ನೆರಳನ್ನು ಸಾರ್ವಜನಿಕರಿಗೆ ಧಾರಾಳವಾಗಿ ಬಿಟ್ಟುಕೊಟ್ಟು, ಒಂಬತ್ತಕ್ಕೆ ಬಿಸಿಲು ಚುರುಕಾಗುತ್ತಿದ್ದಂತೆ ಅದೇ ನೆರಳನ್ನು ಒಳಗಿಟ್ಟು ಭದ್ರಪಡಿಸಿ, ಸಂಜೆ ನಾಲ್ಕಕ್ಕೆ ಅದರ ಅಗತ್ಯ ತೀರುತ್ತಾ ಬಂದಾಗ ಮತ್ತೆ ಹೊರಬಿಡುವ ತಮ್ಮ ಮಿತವ್ಯಯದ ಬುದ್ಧಿ ನಮ್ಮ ಮನೆಯವರಿಗಿದ್ದಿದ್ದರೆ ನಾವು ಇಷ್ಟುಹೊತ್ತಿಗೆ ಎಲ್ಲಿಯೋ ಇರುತ್ತಿದ್ದೆವು. ಯಾರೂ ಕೂರದ ಕಲ್ಲುಬೆಂಚಿಗೆ ಹೊಂಗೆಮರ ನೆರಳು ಕೊಡುವುದನ್ನು ರಸ್ತೆಯ ಬಿಸಿಲಲ್ಲಿ ನಿಂತು ಗ್ರಿಲ್ಲಿನ ಸಂದಿಯಿಂದ ನೋಡುವ ಭಾಗ್ಯ ನಮಗೆ ತಮ್ಮಿಂದಲೇ ದೊರೆತಿದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಮಗ ಮಹದೇವ ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾನೆ. ಬೇಸಿಗೆ ರಜೆ ಬಂತೆಂದರೆ ಅವನು ಮಗಳು ಧನ್ಯಶ್ರೀಗೆ ಪ್ರವಾಸದ ಆಸೆ ಹುಟ್ಟಿಸುವುದು, ರೆಸಾರ್ಟಿನವರ ದರ ಕೇಳಿ ಫೋನನ್ನು ಬಿಸಿ ಪಾತ್ರೆಯಂತೆ ಕೆಳಗಿಡುವುದು, ಕೊನೆಗೆ ನಾವೆಲ್ಲ ಕೆಂಗೇರಿ ಉಪನಗರದಲ್ಲಿರುವ ನನ್ನ ಅಕ್ಕ ಪಟಾಲಮ್ಮನ ಮನೆಗೆ ಹೋಗಿ ಬರುವುದು ವಾಡಿಕೆ. ಅಲ್ಲಿ ನಮಗೆಲ್ಲ ರಜೆ. ಸೊಸೆಗೆ ಮಾತ್ರ ಒಲೆಯ ಬದಲಾವಣೆ. ಈ ವರ್ಷ ಮಹದೇವ ಸ್ನೇಹಿತನೊಬ್ಬನಿಂದ ನೀಲಿ ಟೆಂಟ್ ಎರವಲು ತಂದು, ಊರಾಚೆ ಎಲ್ಲಾದರೂ ಕ್ಯಾಂಪ್ ಮಾಡೋಣ, ಕಾಸೂ ಉಳಿಯುತ್ತದೆ, ಮಗುವಿಗೆ ಗಿಡಮರವೂ ಗೊತ್ತಾಗುತ್ತದೆ ಎಂದು ಸಾರಿದ. ಶಶಿಕಲಾ ಒಂದೇ ಷರತ್ತು ಹಾಕಿದಳು: “ಎಲ್ಲಿಗಾದ್ರೂ ಕರ್ಕೊಂಡ್ ಹೋಗಿ. ಮದ್ವೆ ಆದಾಗಿಂದ ಒಂದ್ ಮಧ್ಯಾಹ್ನನೂ ಒಲೆ ಮುಂದೆ ನಿಲ್ದೆ ಕಳೆದಿಲ್ಲ ನಾನು. ಅದೊಂದ್ ಮಧ್ಯಾಹ್ನ ನಂಗೆ ಬೇಕು, ಅಷ್ಟೆ.” ನಾವೆಲ್ಲ ತುಂಬು ಹೃದಯದಿಂದ ಒಪ್ಪಿದೆವು. ಒಪ್ಪಿದ ಮೇಲೆ ಮಹದೇವ ಸಣ್ಣ ಗ್ಯಾಸ್ ಸ್ಟವ್ವನ್ನು ಚೀಲಕ್ಕೆ ಇಳಿಸಿ, “ಸುಮ್ನೆ ಇರ್ಲಿ ಕಣೇ, ಭಾರ ಏನಿಲ್ಲ” ಅಂದ. ನಾನು ಒಂದು ಪೊಟ್ಟಣ ರವೆ ಸೇರಿಸಿದೆ.

ಊರಾಚೆ ಹೋಗುವ ಮುನ್ನ ಒಂದು ತಾಲೀಮು ಇರಲಿ ಎಂದು ಭಾನುವಾರ ಬೆಳಿಗ್ಗೆ ತಮ್ಮ ಉದ್ಯಾನವನದ ಹಿಂಬದಿ ಮೂಲೆಯಲ್ಲಿ ಟೆಂಟ್ ಏರಿಸಿದೆವು. ಅದರ ಚೀಲದ ಮೇಲೆ ನಾಲ್ಕು ಜನರಿಗೆ ಎಂದು ಬರೆದವರು ನಮ್ಮ ಮನೆಯ ನಾಲ್ವರನ್ನು ನೋಡಿದವರಲ್ಲವಾದ್ದರಿಂದ, ಎಲ್ಲರೂ ಒಳಗೆ ಮಲಗಿ, ಯಾರ ಪಾದ ಯಾರ ಕಿವಿಯ ಬಳಿ ಇರಬೇಕೆಂದು ತೀರ್ಮಾನಿಸುತ್ತಿದ್ದಾಗ, ಒಂಬತ್ತಾಯಿತೆಂದು ಕಾವಲುಗಾರರು ಊದಿದ ವಿಶಲ್ ಕೇಳಿಸಿತು. ನಾನು ಏಳಹೋದೆ. “ಅದು ವಾಕಿಂಗ್ ಮಾಡೋರಿಗೆ ಅಪ್ಪ. ನಾವು ಕ್ಯಾಂಪಿಂಗ್ ಮಾಡೋರು” ಎಂದು ಮಹದೇವ ನನ್ನನ್ನು ಮತ್ತೆ ಮಲಗಿಸಿದ.

ಕಾವಲುಗಾರ ಕಲ್ಮೇಶ್ ಅವರು ಹುಬ್ಬಳ್ಳಿ ಕಡೆಯವರು, ಕೆಲಸದಲ್ಲಿ ಲೋಪವಿಲ್ಲದವರು. ಪೂರಾ ಸುತ್ತು ಹಾಕಿ ನೋಡಿಯೇ ತಮ್ಮನ್ನು ಭದ್ರಪಡಿಸಿ, ಇನ್ನೊಂದು ಪಾರ್ಕಿನ ಕೆಲಸಕ್ಕೆ ಹೊರಟುಹೋಗಿದ್ದಾರೆ. ನಮ್ಮ ಊರಿನಲ್ಲಿ ನೀಲಿ ಟಾರ್ಪಾಲು ಹೊದ್ದು ಮೂಲೆಯಲ್ಲಿ ಕೂತದ್ದೆಲ್ಲ ಬೋರ್‌ವೆಲ್ ಮೋಟಾರೇ ಆಗಿರುವಾಗ ಅವರನ್ನು ದೂರುವುದು ಹೇಗೆ? “ಮೋಟರಿಗೆ ಹೊಸಾ ತಾಡಪತ್ರಿ ಹೊಚ್ಯಾರ ಅಂತ ತಿಳ್ಕೊಂಡೆ ನೋಡ್ರಿ ಸರ. ಒಳಗ ಗುರ್ ಗುರ್ ಅನ್ನಾಕತ್ತಿತ್ತು, ಚಾಲೂ ಐತಿ ಅಂದ್ಕೊಂಡೆ” ಎಂದು ಆಮೇಲೆ ಅವರೇ ಹೇಳಿದರು. ಆ ಗುರ್ ಗುರ್ ನನ್ನದು. ಮಲಗಿಸಿದರೆ ನಾನು ನಿದ್ದೆ ಮಾಡಿಬಿಡುತ್ತೇನೆ.

ಹೊರಬಂದು ನೋಡಿದರೆ ಗೇಟಿನಲ್ಲಿ ತಾವು ನಸುನಗುತ್ತಿದ್ದಿರಿ. ಮಹದೇವ ಗ್ರಿಲ್ ಹತ್ತಲು ಹೋಗಿ, ಅದರ ಈಟಿಮೊನೆಗಳಿಗೂ ತನ್ನ ಪ್ಯಾಂಟಿಗೂ ಒಂದು ಒಪ್ಪಂದವಾದ ಮೇಲೆ ಇಳಿದುಬಂದ. ಕಲ್ಮೇಶ್ ಅವರ ನಂಬರಿಗಾಗಿ ಊರಿಗೆಲ್ಲ ಫೋನು ಹಚ್ಚಿದ. ಹಸಿವಾಗುತ್ತಿದ್ದಂತೆ ಅವನ ಕೈ ತಾನಾಗಿಯೇ ಸ್ಟವ್ವಿನ ಚೀಲಕ್ಕೆ ಹೋಯಿತು. ಆಗ ಧನ್ಯಶ್ರೀ ಪಕ್ಕದ ಫಲಕವನ್ನು ಶಾಲೆಯ ಪದ್ಯದಂತೆ ಗಟ್ಟಿಯಾಗಿ ಓದಿದಳು: ಈ ಆವರಣದಲ್ಲಿ ಅಡುಗೆ ಮಾಡುವುದನ್ನು ನಿಷೇಧಿಸಲಾಗಿದೆ. “ಕೇಳಿಸ್ತೇನ್ರಿ? ನಿಷೇಧ ಅಂತೆ” ಎಂದು ಶಶಿಕಲಾ ಹೊಂಗೆಮರದ ಕೆಳಗಿನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಮುಖದ ಮೇಲೆ ಸೆರಗು ಎಳೆದುಕೊಂಡಳು. ಕಾನೂನಿಗೆ ಅಷ್ಟು ಆನಂದದಿಂದ ತಲೆಬಾಗಿದವರನ್ನು ನಾನು ಈವರೆಗೆ ಕಂಡಿಲ್ಲ.

ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆಂದು ಕೆಂಗೇರಿಯಿಂದ ಬಂದ ಪಟಾಲಮ್ಮಕ್ಕ, ಮನೆ ಬೀಗ ಹಾಕಿರುವುದನ್ನು ಕಂಡು, ಅಂಬುಜಮ್ಮನವರನ್ನು ವಿಚಾರಿಸಿಕೊಂಡು ಗ್ರಿಲ್ಲಿನ ಹತ್ತಿರ ಪ್ರತ್ಯಕ್ಷಳಾದಳು. “ಏನೇ ಶಶಿ, ಅಲ್ಲೂ ಬೀಗ, ಇಲ್ಲೂ ಬೀಗ! ಊಟಕ್ಕೆ ಏನ್ ಮಾಡಿದ್ಯೇ?” ಅಂದಳು. ಸೊಸೆ ಸೆರಗಿನ ಒಳಗಿನಿಂದಲೇ, “ಒಳಗೆ ಹಾಕ್ಬಿಟ್ಟಿದಾರೆ ಅತ್ತೆ, ನಾನೇನ್ ಮಾಡ್ಲಿ?” ಎಂದು ಮನೆಯ ಕೀಲಿಕೈಯನ್ನು ಗ್ರಿಲ್ಲಿನಾಚೆ ಎಸೆದಳು. ಹೀಗೆ ನನ್ನ ಅಕ್ಕ ನಮ್ಮ ಅಡುಗೆಮನೆಯಲ್ಲಿ ಮೊದಲ ಬಾರಿಗೆ ಒಲೆ ಹಚ್ಚಿದಳು. ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು ಹೊತ್ತು ಬಂದಳು. ಸಾರಿನ ಲೋಟ ಸಂದಿಯಲ್ಲಿ ಸಲೀಸಾಗಿ ತೂರಿತು, ಮುದ್ದೆ ತೂರಲಿಲ್ಲ. “ಲೋ ಹನುಮ, ಇದ್ನ ಕಟ್ಟಿದೋನು ಮುದ್ದೆ ತಿಂದೋನಲ್ಲ ಕಣೋ!” ಎಂದು ಬೈದುಕೊಳ್ಳುತ್ತಾ, ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಮುರಿದು ಮುರಿದು ಉರುಟಿ, ಒಂದೊಂದಾಗಿ ಒಳಗೆ ದಾಟಿಸಿದಳು. ಶಶಿಕಲಾ ಕೂತಲ್ಲೇ ಉಂಡಳು. ಬೇರೆಯವರು ಬಡಿಸಿದ್ದನ್ನು ಬಿಸಿ ಆರುವ ಮುನ್ನ ತಿನ್ನುವುದು ಹೇಗಿರುತ್ತದೆಂದು ನಿನ್ನೆ ಮೆಟ್ಟಿಲ ಮೇಲೆ ಅವಳು ಎಲ್ಲರಿಗೂ ಬಣ್ಣಿಸಿದಳು. ಕೇಳುತ್ತಿದ್ದವರ ಕೈಗಳು ಹುಣಸೆಹಣ್ಣಿನ ಮೇಲೆ ನಿಂತವು. ಉಂಡ ಮೇಲೆ ಅವಳು ನಿದ್ದೆಹೋದಳಂತೆ, ಹಗಲಿನಲ್ಲಿ, ಕನಸು ಬೀಳುವಷ್ಟು.

ಮಾನ್ಯರೇ, ನನ್ನ ದೂರು ಇಲ್ಲಿಂದ ಆರಂಭವಾಗುತ್ತದೆ. ನಾಲ್ಕರವರೆಗೆ ಅಲುಗಾಡಬಾರದ ತಾವು, ಮಹದೇವನ ಫೋನಿಗೆ ಓಡಿಬಂದ ಕಲ್ಮೇಶ್ ಅವರ ಕೀಲಿಕೈಗೆ ಒಂದು ಮಾತಿನ ಪ್ರತಿಭಟನೆಯನ್ನೂ ತೋರದೆ, ಎರಡು ಗಂಟೆಗೇ ಬಾಯಿ ಬಿಟ್ಟಿರಿ. ಸರಪಳಿಯ ಸದ್ದಿಗೆ ಎಚ್ಚೆತ್ತ ಶಶಿಕಲಾ, “ಇಷ್ಟ್ ಬೇಗ ಯಾಕಣ್ಣ ಬಂದ್ರಿ?” ಎಂದಳು. ಬಿಡುಗಡೆಯಾದವರು ಹೀಗೆ ಕೇಳಿದ್ದನ್ನು ಕಲ್ಮೇಶ್ ಅವರು ಎಲ್ಲೂ ಕಂಡಿಲ್ಲವಂತೆ. ಹೊಸಿಲು ದಾಟುತ್ತಿದ್ದಂತೆ ಪಟಾಲಮ್ಮಕ್ಕ, “ಹೆಂಗೂ ಬಂದ್ಯಲ್ಲ, ಎಲ್ರಿಗೂ ಕಾಫಿ ಇಡು” ಅಂದಳು. ಮುಗಿಯಿತು ಮಧ್ಯಾಹ್ನ.

ಆದ್ದರಿಂದ ವಿನಂತಿ ಏನೆಂದರೆ, ಇನ್ನು ಮುಂದೆ ಗಂಡಸರ ಫೋನಿಗೆ ಕರಗದೆ ಹೊತ್ತು ಪಾಲಿಸಬೇಕು. ಕೆಂಗೇರಿ, ವಿಜಯನಗರ, ಬಸವೇಶ್ವರನಗರದ ಉದ್ಯಾನವನಗಳಲ್ಲಿರುವ ತಮ್ಮ ಬಂಧುಗಳಿಗೆ ನಮ್ಮ ಸೊಸೆಯ ಹೆಸರಿನಲ್ಲಿ ಶಿಫಾರಸು ಮಾಡಬೇಕು. ಊರಾಚೆಯ ಕಾಡಿಗೆ ಗೇಟೂ ಇಲ್ಲ, ಬೀಗವೂ ಇಲ್ಲವೆಂದು ತಿಳಿದು ನಾವು ಆ ಪ್ರವಾಸವನ್ನು ಕೈಬಿಟ್ಟಿದ್ದೇವೆ. ಸಾಧ್ಯವಾದರೆ ತಿಂಗಳಿಗೊಂದು ಭಾನುವಾರ ತಾವೇ ಬಿಡುವು ಮಾಡಿಕೊಂಡು ನಮ್ಮ ಮನೆಗೆ ದಯಮಾಡಿಸಿ, ಅಡುಗೆಮನೆಯ ಬಾಗಿಲ ಮೇಲೆ ವಿಶ್ರಮಿಸಬೇಕು.

ತಮ್ಮ ಉಕ್ಕಿನ ನಾಲಗೆಯಲ್ಲಿ ಇನ್ನೂ ಭರವಸೆ ಇಟ್ಟಿರುವ,
ತಮ್ಮ ವಿಶ್ವಾಸಿ,
ಹನುಮಂತಯ್ಯ

ತಾ.ಕ.: ಇಂದು ಬೆಳಿಗ್ಗೆ ಪೋಸ್ಟ್ ಮಾಡಲು ಹೊರಟಾಗ ತಿಳಿದದ್ದು. ನಿನ್ನೆ ಕಥೆ ಕೇಳಿದ ಹೆಂಗಸರೆಲ್ಲ ನನ್ನ ಸೊಸೆಯನ್ನು ಮುಂದಿಟ್ಟುಕೊಂಡು, ಚಾಪೆ ದಿಂಬು ಹಿಡಿದು ಬೆಳಕು ಹರಿಯುತ್ತಲೇ ಉದ್ಯಾನವನದ ಒಳಗೆ ಸೇರಿದ್ದಾರೆ. ಕಲ್ಮೇಶ್ ಅವರು ವಿಶಲ್ ಊದಿ ಊದಿ ಸೋತು, ಹೊತ್ತಾಯಿತೆಂದು ಬೀಗ ಹಾಕಿ ಹೋಗಿದ್ದಾರೆ. ಬೀದಿಯ ಗಂಡಸರು ಅವರನ್ನು ಹುಡುಕಿಕೊಂಡು ಹೊರಟಿರುವುದರಿಂದ, ಕೀಲಿಕೈ ಬಂದಾಗ ತಾವು ಸ್ವಲ್ಪ ತುಕ್ಕು ಹಿಡಿದವರಂತೆ ನಟಿಸಿದರೆ ಋಣಿ. ಅಂಬುಜಮ್ಮನವರ ಯಜಮಾನರಾದ ಶ್ಯಾಮಸುಂದರರು ಮಾತ್ರ ಗ್ರಿಲ್ ಹಿಡಿದು ನಿಂತು, “ಲೇ, ಅಕ್ಕಿಗೆ ನೀರ್ ಎಷ್ಟೇ ಇಡೋದು?” ಎಂದು ಕೂಗಿದರು. ಅಂಬುಜಮ್ಮ ಮಗ್ಗುಲು ಬದಲಿಸಿದರು.