ಅತ್ತೆಯ ಗೋರಿಯ ಹುಲ್ಲು

"ಚುಸೊಕ್ ಹಬ್ಬದೊಳಗೆ ಅಮ್ಮನ ಗೋರಿ ಹುಲ್ಲು ಕೊಯ್ದು ಬನ್ನಿ. ನಿಮ್ದು ಯಾವಾಗ್ಲೂ ತಡ."

ಇದು ನನ್ನ ಹೆಂಡತಿ ಒಕ್‌ಸುನ್ ನನಗೆ ಹೇಳಿದ ಕೊನೆಯ ಮಾತು. ಸುಳ್ಳಲ್ಲ. ಅವಳು ಹೋದಳು ಅಂತ ನನಗೆ ಗೊತ್ತಾದದ್ದೂ ತಡವಾಗಿಯೇ. ನಿದ್ದೆ ಬಂತು ಅಂದುಕೊಂಡು ಹೊದಿಕೆ ಸರಿಮಾಡುತ್ತಿದ್ದೆ.

ಅತ್ತೆಗೆ ಗಂಡುಮಕ್ಕಳಿಲ್ಲ, ಗೋರಿ ನೋಡಿಕೊಳ್ಳುವುದು ಅಳಿಯನ ಪಾಲಿಗೆ ಬಂದಿತ್ತು. ಗೋರಿಯ ಮೇಲೆ ಹುಲ್ಲು ಬೆಳೆದರೆ ಊರು ನಗುತ್ತದೆ. ನಗಬೇಕಾದ ಊರು ಈಗ ನೀರಿನಡಿ ಇದೆ. ನಮ್ಮ ಕಾಡುಕಣಿವೆಗೆ ಅಣೆಕಟ್ಟು ಕಟ್ಟಿದಾಗ ಎಲ್ಲ ಮುಳುಗಿ, ಅತ್ತೆ ಮಲಗಿದ ಗುಡ್ಡದ ನೆತ್ತಿ ಮಾತ್ರ ದ್ವೀಪವಾಗಿ ಉಳಿಯಿತು. ಉದ್ಘಾಟನೆಗೆ ಹೋಗಿ ನಾನೂ ಚಪ್ಪಾಳೆ ತಟ್ಟಿದ್ದೆ. ನೆನಪಿಗೆ ಟವೆಲ್ ಕೊಟ್ಟರು. ಒಳ್ಳೆ ಟವೆಲ್. ಈಗಲೂ ಅದರಲ್ಲೇ ಮುಖ ಒರೆಸಿಕೊಳ್ಳುತ್ತೇನೆ.

ಕುಡುಗೋಲು, ಅತ್ತೆಗೆ ಎರೆಯಲು ಒಂದು ಬಾಟಲಿ ಮಕ್ಕೊಲ್ಲಿ ಅಕ್ಕಿಹೆಂಡ ಹಿಡಿದು ದೋಣಿಕಟ್ಟೆಗೆ ಹೋದೆ. ಜಲಾಶಯ ಕಚೇರಿಯ ಗುಮಾಸ್ತ ಪ್ಯೋ ತಡೆದ.

"ಅಜ್ಜ, ಕುಡುಗೋಲು ಯಾಕೆ?"

"ಅತ್ತೆ ಗೋರಿ ಹುಲ್ಲು ಕೊಯ್ಯೋಕೆ."

"ಅದನ್ನ ಮುಟ್ಟೋ ಹಾಗಿಲ್ಲ. ಮೂಲ ಕಣಿವೇಲಿ ಉಳಿದಿರೋ ಕಾಡು ಅದೊಂದೇ. ರಕ್ಷಿತ ಪ್ರದೇಶ. ಜನ ದೋಣೀಲಿ ನೋಡೋಕೆ ಬರ್ತಾರೆ."

"ಮಿಕ್ಕ ಕಾಡು?"

"ಅದನ್ನ ನಾವೇ ಮುಳುಗಿಸಿದ್ವಲ್ಲ. ಅದಕ್ಕೇ ಇದಕ್ಕಿಷ್ಟು ಬೆಲೆ."

"ಅದು ಕಾಡಲ್ಲಪ್ಪ. ಹೆಂಡ್ತಿ ಹಾಸಿಗೆ ಹಿಡಿದ್ಮೇಲೆ ನಾನು ಕೊಯ್ದಿಲ್ಲ, ಅಷ್ಟೆ."

"ಹಾಗಾದ್ರೆ ಸಂರಕ್ಷಣೆ ಮಾಡಿದ್ದು ನೀವೇ ಅನ್ನಿ."

ಒಳಗೆ ಹೋಗಿ ಇನ್ನೊಂದು ಟವೆಲ್ ತಂದುಕೊಟ್ಟ.

ಗೋರಿಯ ಸುತ್ತ ಬೇಲಿ ಹಾಕಿದ್ದರು; ಅದರೊಳಗೆ ಹೋಗುವ ದಾರಿ ಕೇಳಿದೆ. ಕಾವಲುಗಾರನಿಗೆ ಮಾತ್ರ ಪ್ರವೇಶ, ಆ ಕೆಲಸ ಖಾಲಿ ಇದೆ, ಅಂದ.

"ಏನು ಮಾಡ್ಬೇಕು?"

"ಯಾರಾದ್ರೂ ಮುದುಕ ಕುಡುಗೋಲು ಹಿಡ್ಕೊಂಡು ಬಂದ್ರೆ ತಡೀಬೇಕು."

"ಆ ಮುದುಕ ನಂಗೊತ್ತು. ಅಷ್ಟೇನೂ ಚುರುಕಿಲ್ಲ."

"ಹಾಗಾದ್ರೆ ನೀವೇ ಸರಿ, ಅಜ್ಜ."

ಕುಡುಗೋಲನ್ನು ಕಚೇರಿಯಲ್ಲಿ ಇಟ್ಟುಕೊಂಡರು. ಕಾವಲುಗಾರನ ಅಂಗಿ ಕೊಟ್ಟರು. ಗೋಡೆಯ ಮೇಲಿನ ಪ್ರಕಟಣೆಯನ್ನು ನಿಧಾನವಾಗಿ ಓದಿಕೊಂಡೆ: "ಸದರಿ ಹುಲ್ಲಿಗೆ ಕುಡುಗೋಲು, ಕತ್ತರಿ, ಯಂತ್ರ ಮುಂತಾದ ಯಾವುದೇ ಸಲಕರಣೆಯನ್ನು ಸೋಕಿಸತಕ್ಕದ್ದಲ್ಲ." ಕೈಬೆರಳಿನ ವಿಚಾರ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಿ ತೊಟ್ಟು ಮೊದಲ ದೋಣಿಯಲ್ಲಿ ಹೋದೆ. ಪ್ರವಾಸಿಗರು ಬೇಲಿಯಾಚೆ ನಿಂತು ಅತ್ತೆಯನ್ನು ನೋಡಿ, ಎಂಥ ಕಾಡು, ಅಂದರು. ಹೌದು ಅಂದೆ. ಅವರು ಹೋದ ಮೇಲೆ ಮಕ್ಕೊಲ್ಲಿ ಎರೆದು ಅಡ್ಡಬಿದ್ದೆ. ಹೊಸ ಟವೆಲ್ ಹಾಸಿ ಕೂತು, ಹುಲ್ಲನ್ನು ಒಂದೊಂದೇ ಎಳೆ ಕೀಳತೊಡಗಿದೆ.

ಹಬ್ಬದೊಳಗೆ ಮುಗಿಯುವುದಿಲ್ಲ. ತಡವಾಗುತ್ತದೆ ಅಂತ ಅವಳು ಹೇಳಿಯೇ ಹೋಗಿದ್ದಾಳೆ.