ನಾಲ್ಕು ನಿಮಿಷದ ಸೆಂಟರ್

ಐವತ್ತರ ಆಚೀಚೆಯ ಹತ್ತು ಜನ ಗಂಡಸರು ಚಡ್ಡಿ ಹಾಕ್ಕೊಂಡು ಒಂದು ಚೆಂಡಿನ ಹಿಂದೆ ಓಡೋಕೆ ಶುರು ಮಾಡಿದ್ರೆ ವಾರಕ್ಕೊಂದು ಪ್ರಸಂಗ ಆಗದೇ ಇರತ್ತಾ? ಆಗ್ತಾನೇ ಇರತ್ತೆ. ಕೇಳಿದೋರು ನಗ್ತಾರೆ. ನಾನೂ ನಗ್ತೀನಿ, ಆದ್ರೆ ಎರಡು ದಿನ ಬಿಟ್ಟು. ಆ ಹೊತ್ತಿನಲ್ಲಿ ನಂಗೆ ಬರೋದು ನಗು ಅಲ್ಲ, ನಡುಕ.

ನಾನು ಜಯನಗರದ ಒಂದು ವೆಟರನ್ಸ್ ಬ್ಯಾಸ್ಕೆಟ್‌ಬಾಲ್ ಟೀಮಿನ ಕೋಚು. ಕೋಚ್ ಅಂದ ತಕ್ಷಣ ದೊಡ್ಡ ಮನುಷ್ಯ ಅಂದ್ಕೋಬೇಡಿ. ಎರಡೂ ಮೊಣಕಾಲು ಸವೆದ ಮೇಲೆ, "ಆಡೋಕಂತೂ ನಿನ್ ಕೈಲಾಗಲ್ಲ, ಪಕ್ಕದಲ್ಲಿ ನಿಂತ್ಕೊಂಡು ಕೂಗ್ತಿರು" ಅಂತ ಗೆಳೆಯರು ದಯಪಾಲಿಸಿದ ಹುದ್ದೆ. ನನ್ನ ಮುಖ್ಯ ಕೆಲಸ ರೊಟೇಷನ್. ಅಂದ್ರೆ ಹತ್ತು ಜನರಲ್ಲಿ ಯಾವ ಐವರು ಆಡ್ತಾರೆ, ಎಷ್ಟು ನಿಮಿಷಕ್ಕೆ ಯಾರು ಹೊರಗೆ ಬರ್ತಾರೆ, ಅವರ ಜಾಗಕ್ಕೆ ಯಾರು ಹೋಗ್ತಾರೆ ಅನ್ನೋದನ್ನ ನೋಡ್ಕೊಳ್ಳೋದು. ಬೇರೆ ಟೀಮಿನವರು ಇದನ್ನ ಗೆಲ್ಲೋಕೆ ಮಾಡ್ತಾರೆ. ನಮ್ಮಲ್ಲಿ ಎಲ್ಲರೂ ಜೀವಸಹಿತ ಮನೆ ಸೇರ್ಲಿ ಅಂತ ಮಾಡ್ತೀವಿ.

ಈ ವರ್ಷ ನಮ್ಮ ಗ್ರಹಚಾರ, ಲೀಗಿನಲ್ಲಿ ಚೆನ್ನಾಗಿ ಆಡ್ಬಿಟ್ವಿ. ಇನ್ನೊಂದು ಮ್ಯಾಚ್ ಗೆದ್ರೆ ನಾಕೌಟು, ಸೀದಾ ಸೆಮಿಫೈನಲ್ಲು. ಎಲ್ಲರೂ ಕುಣಿದಾಡಿದ್ರು. ನಂಗೆ ಭಯ ಶುರುವಾಗಿದ್ದು ಆವತ್ತಿಂದ.

ಮಾತು ಕೊಟ್ಟಿದ್ದು

ಭಯಕ್ಕೆ ಕಾರಣ ನಮ್ಮ ಸೆಂಟರ್. ರಿಂಗಿನ ಕೆಳಗೆ ನಿಂತು ಬಾಲು ಹಿಡಿಯೋನು, ಆರಡಿ ಮೂರಂಗುಲ ಎತ್ತರ, ನನ್ನ ಹೈಸ್ಕೂಲು ಗೆಳೆಯ. ಅವನಿಲ್ಲದೆ ನಮ್ಮ ಟೀಮಿಲ್ಲ. ಹೋದ ವರ್ಷ ಅವನ ಹಾರ್ಟಿಗೆ ಒಂದು ಸ್ಟೆಂಟ್ ಹಾಕಿದ್ರು. ಆರು ತಿಂಗಳಾದ ಮೇಲೆ ಡಾಕ್ಟರು, "ಮೆತ್ತಗೆ, ಸ್ವಲ್ಪ ಸ್ವಲ್ಪ ಆಡಬಹುದು" ಅಂದ್ರು. ಇವನ ಕಿವಿಗೆ ಬಿದ್ದಿದ್ದು "ಆಡಬಹುದು" ಅನ್ನೋದಷ್ಟೇ.

ಒಂದು ಭಾನುವಾರ ಅವನ ಹೆಂಡತಿ ಒಬ್ಬರೇ ನಮ್ಮನೆಗೆ ಬಂದ್ರು. ಕೈಯಲ್ಲಿ ಕೋಡುಬಳೆ ಡಬ್ಬಿ ಇತ್ತು. ನನ್ನ ಹೆಂಡತಿ ಕಾಫಿ ಕೊಟ್ಲು. ಆಯಮ್ಮ ಲೋಟ ಮುಟ್ಟಲಿಲ್ಲ.

"ನೋಡಿ ಅಣ್ಣ, ನಾನು ಹೇಳಿದ್ರೆ ಅವರು ಕೇಳಲ್ಲ. ನೀವು ಮಾತು ಕೊಡಿ. ಒಂದು ಮ್ಯಾಚಿಗೆ ನಾಲ್ಕೇ ನಿಮಿಷ. ಆಮೇಲೆ ಅವರು ಕಾಲು ಹಿಡಿದ್ರೂ ಆಡಿಸಬಾರದು."

"ಆಯ್ತಮ್ಮ, ನಂಗೂ ಜವಾಬ್ದಾರಿ ಗೊತ್ತು."

"ಗೊತ್ತಿದ್ರೆ ಸಾಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಬೈಯೋದು ನಿಮ್ಮನ್ನೇ."

"ನನ್ನನ್ನೇ ಯಾಕಮ್ಮ? ಅವನಿಗೂ ಎರಡು ಮಾತು..."

"ಅವರನ್ನ ಬೈಯೋಕೆ ಅವರೆಲ್ಲಿರ್ತಾರೆ?" ಅಂದು, ಕೋಡುಬಳೆ ಡಬ್ಬಿ ನನ್ನ ಮುಂದೆ ತಳ್ಳಿದ್ರು.

ನನ್ನ ಹೆಂಡತಿ ಎರಡು ತಿಂದ್ಲು. ನಾನು ಮುಚ್ಚಳ ಮುಚ್ಚಿ ಡಬ್ಬಿ ಎತ್ತಿಟ್ಟೆ.

ಟೀಮಿನ ಡಾಕ್ಟರು

ಆ ಭಯದಲ್ಲೂ ನಂಗೊಂದು ಧೈರ್ಯ ಇತ್ತು. ನಮ್ಮ ಹತ್ತು ಜನರಲ್ಲಿ ಒಬ್ಬ ಡಾಕ್ಟರು. ಕತ್ರಿಗುಪ್ಪೆಯಲ್ಲಿ ಸ್ವಂತ ಕ್ಲಿನಿಕ್ಕು, ಸಾಯಂಕಾಲ ಆದ್ರೆ ಹೊರಗೆ ಚಪ್ಪಲಿ ಬಿಡೋಕೆ ಜಾಗ ಇರಲ್ಲ. ಟೀಮಿಗೆ ಹೊಸದಾಗಿ ಸೇರಿದ್ದ. ಡಾಕ್ಟರು ಅಂತ ಗೊತ್ತಾದ ತಕ್ಷಣ ನಾನು ಅವನ ಆಟ ಕೂಡ ನೋಡದೆ ಟೀಮಿಗೆ ತಗೊಂಡೆ. ಇನ್ನೇನೂ ಕೇಳಲಿಲ್ಲ, ನನ್ನ ತಪ್ಪು.

ಒಂದಿನ ಬೆಳಗ್ಗೆ ಪ್ರಾಕ್ಟೀಸ್ ನಡೀತಿತ್ತು. ಸೆಂಟರ್ ಓಡ್ತಾ ಓಡ್ತಾ ಗಕ್ಕನೆ ನಿಂತ. ಎದೆ ಮೇಲೆ ಕೈ ಇಟ್ಕೊಂಡ. ಮುಖ ಕಿವುಚಿಕೊಂಡು ಹಾಗೇ ನೆಲದ ಮೇಲೆ ಕೂತ. ನನ್ನ ಕಣ್ಣ ಮುಂದೆ ಬಂದಿದ್ದು ಆ ಕೋಡುಬಳೆ ಡಬ್ಬಿ. "ಡಾಕ್ಟ್ರೇ, ಬನ್ನಿ ಬೇಗ" ಅಂತ ಕೂಗಿದೆ.

ನಮ್ಮ ಡಾಕ್ಟರು ಓಡಿ ಬಂದ. ಸೆಂಟರ್ ಮುಂದೆ ಮಂಡಿಯೂರಿದ. ಗದ್ದ ಹಿಡ್ಕೊಂಡ. "ಬಾಯಿ ತೆಗಿ" ಅಂದ.

ಸೆಂಟರ್ ಬಾಯಿ ತೆಗೆದ. ಇವನು ಮೊಬೈಲಿನ ಟಾರ್ಚ್ ಹಾಕಿ ಒಳಗೆಲ್ಲ ನೋಡಿದ. ನಾವೆಲ್ಲ ಸುತ್ತ ನಿಂತು ಬಗ್ಗಿ ನೋಡ್ತಿದ್ವಿ. ಆಗ ಸೆಂಟರ್‌ಗೆ ಒಂದು ದೊಡ್ಡ ತೇಗು ಬಂತು. ಬೆಳಗ್ಗೆ ಬರೋ ದಾರೀಲಿ ಎರಡು ಮಸಾಲೆ ದೋಸೆ ಹೊಡೆದು ಬಂದಿದ್ನಂತೆ. ತೇಗು ಬಂದ ಮೇಲೆ ಎದೆ ಹಗುರಾಯ್ತು ಅಂತ ಎದ್ದು ನಿಂತ. ಕೈ ತಟ್ಟಿ "ಬಾಲ್ ಕೊಡ್ರೋ" ಅಂದ.

ನಾನು ಬೆವರು ಒರೆಸ್ಕೊಂಡು ಡಾಕ್ಟರನ್ನ ಪಕ್ಕಕ್ಕೆ ಕರೆದೆ. "ಹಾರ್ಟ್ ಪರವಾಗಿಲ್ವಾ?"

"ಹಾರ್ಟ್ ನಂಗೆ ಹೇಗೆ ಗೊತ್ತಾಗತ್ತೆ ಗುರು? ನಾನು ಹಲ್ಲಿನ ಡಾಕ್ಟರು" ಅಂದ. "ಆದ್ರೆ ಎಡಗಡೆ ಕೆಳಗಿನ ದವಡೆ ಹಲ್ಲಿದೆಯಲ್ಲ, ಅದನ್ನ ಹಾಗೇ ಬಿಟ್ರೆ ಅಪಾಯ."

ಮೂರನೇ ಮಹಡಿಯ ಬಿ.ಪಿ.

ಆವತ್ತೇ ಹೋಗಿ ಒಂದು ಬಿ.ಪಿ. ಮೆಷಿನ್ ತಂದೆ. ಕೋರ್ಟಿನ ಪಕ್ಕ ನೆಟ್ಟು, ಬಕೆಟ್ಟು ಇಡೋ ಒಂದು ರೂಮಿದೆ. ಅಲ್ಲಿ ಇಟ್ಟೆ. ಪ್ರಾಕ್ಟೀಸಿಗೆ ಮುಂಚೆ ಒಬ್ಬೊಬ್ಬರೇ ಒಳಗೆ ಹೋಗಿ ಬಿ.ಪಿ. ನೋಡ್ಕೊಂಡು ಪುಸ್ತಕದಲ್ಲಿ ಬರೀಬೇಕು. ಜಾಸ್ತಿ ಇದ್ದೋನು ಆವತ್ತು ಬೆಂಚು. ಮೊದಲನೇ ವಾರ ಅರ್ಧ ಟೀಮು ಬೆಂಚಿನ ಮೇಲೆ ಕೂತು ನನ್ನ ವಂಶವನ್ನೆಲ್ಲ ನೆನೆಸ್ಕೊಂಡ್ರು.

ಎರಡನೇ ವಾರ ಪವಾಡ. ಹತ್ತೂ ಜನರದ್ದು ನಾರ್ಮಲ್. ನೂರ ಹದಿನೆಂಟು, ಎಪ್ಪತ್ತಾರು. ಸೆಂಟರದ್ದೂ ಅಷ್ಟೇ. ವಾಕಿಂಗ್ ಮಾಡ್ಸಿದ್ದು, ಉಪ್ಪು ಬಿಡ್ಸಿದ್ದು ಸಾರ್ಥಕ ಆಯ್ತು ಅಂತ ನಾನು ಗಣೇಶನ ಗುಡಿಗೆ ಹೋಗಿ ಈಡುಗಾಯಿ ಒಡೆದು ಬಂದೆ.

ಮೂರನೇ ವಾರ ಪುಸ್ತಕ ತೆಗೆದು ನೋಡ್ತೀನಿ, ಹತ್ತೂ ಜನರದ್ದು ನೂರ ಅರವತ್ತೆಂಟು, ನೂರೆರಡು. ಜೀವ ಬಾಯಿಗೆ ಬಂತು. ಯಾರೂ ಅಲ್ಲಾಡಬೇಡಿ ಅಂತ ಎಲ್ಲರನ್ನೂ ಇದ್ದಲ್ಲೇ ಕೂರಿಸಿದೆ. ಆಂಬುಲೆನ್ಸ್ ಒಂದು ಕರೀಬೇಕೋ ಎರಡೋ ಅಂತ ಯೋಚನೆ ಮಾಡ್ತಾ ಫೋನ್ ತೆಗೆದೆ. ಅದನ್ನ ನೋಡಿ ಪಾಪ ಅನ್ನಿಸ್ತೋ ಏನೋ, ಸೆಂಟರ್ ತಲೆ ತಗ್ಗಿಸಿ ಬಾಯಿಬಿಟ್ಟ.

ವಿಷಯ ಇಷ್ಟೇ. ನಮ್ಮಲ್ಲಿ ಜರಗನಹಳ್ಳಿಯವನೊಬ್ಬ ಇದ್ದಾನೆ. ತಾತನ ಜಮೀನಿನಲ್ಲಿ ಮೂರು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾನೆ. ಬೆಳಗ್ಗೆ ಯೋಗ, ಸಂಜೆ ಯೋಗ, ಕಲ್ಲಿನಂಥ ಆರೋಗ್ಯ. ಎರಡನೇ ವಾರದಿಂದ ಇವರೆಲ್ಲ ಸರದಿಯಲ್ಲಿ ಒಳಗೆ ಹೋಗಿ ಮೊದಲೇ ಒಳಗೆ ಕೂತಿರ್ತಿದ್ದ ಅವನ ತೋಳಿಗೇ ಪಟ್ಟಿ ಸುತ್ತಿ, ತಮ್ಮ ಹೆಸರಿನ ಮುಂದೆ ಬರ್ಕೊಂಡು ಬರ್ತಿದ್ರು.

"ಹಾಗಾದ್ರೆ ಇವತ್ತು ಯಾಕಪ್ಪ ಇಷ್ಟು?" ಅಂತ ಜರಗನಹಳ್ಳಿಯವನನ್ನ ಕೇಳಿದೆ.

"ಮೂರನೇ ಮಹಡಿಯವರು ನೀರಿನ ಮೋಟರ್ ಆಫ್ ಮಾಡದೆ ಬೀಗ ಹಾಕ್ಕೊಂಡು ಊರಿಗೆ ಹೋಗಿದ್ದಾರೆ ಗುರು. ಫೋನೂ ಎತ್ತಲ್ಲ" ಅಂದ.

ಯಾರದೋ ಮೋಟರಿಗೆ ನಮ್ಮ ಇಡೀ ಟೀಮಿಗೆ ಬಿ.ಪಿ. ಬಂದಿತ್ತು.

ಚಾರ್ಟಿನ ನ್ಯಾಯ

ಆಮೇಲೆ ನಾನು ಮೆಷಿನ್ನೂ ನಂಬಲಿಲ್ಲ, ಮನುಷ್ಯರನ್ನೂ ನಂಬಲಿಲ್ಲ. ದೊಡ್ಡ ಹಾಳೆಯ ಮೇಲೆ ರೊಟೇಷನ್ ಚಾರ್ಟ್ ಬರೆದು ಬೋರ್ಡಿಗೆ ಅಂಟಿಸಿದೆ. ಒಬ್ಬೊಬ್ಬರ ಸೊಂಟ, ಮಂಡಿ, ಮಾತ್ರೆ ಎಲ್ಲ ಲೆಕ್ಕ ಹಾಕಿ ಬರೆದಿದ್ದು. ಸೆಂಟರ್ ನಾಲ್ಕು ನಿಮಿಷ. ಹಲ್ಲಿನ ಡಾಕ್ಟರು ಆರು ನಿಮಿಷ ಆಡಿ ಆರು ನಿಮಿಷ ರೆಸ್ಟ್. ಹೀಗೇ ಎಲ್ಲರದ್ದೂ.

ಚಾರ್ಟಿನ ಮುಂದೆ ಬಹಳ ಹೊತ್ತು ನಿಂತೋನು ನಮ್ಮ ಧಾರವಾಡದವನು. ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ, ಯಾವುದೋ ಆಫೀಸಲ್ಲಿ ಕೆಲಸ, ವಯಸ್ಸು ನಲವತ್ತಾರು. ನಮ್ಮ ಪಾಲಿಗೆ ಎಳೆ ಮಗು. ಇಡೀ ಟೀಮಿನಲ್ಲಿ ನಿಜವಾಗಿ ಓಡೋನು ಅವನೊಬ್ಬನೇ, ಉಳಿದೋರು ಓಡೋ ಥರ ಕಾಣ್ತಾರೆ.

"ಸರ್ರ, ಒಂದ್ ಮಾತ್ ಕೇಳ್ಲ್ಯಾ?" ಅಂದ.

"ಕೇಳಪ್ಪ."

"ಎಲ್ಲಾರ ಹೆಸರಿನ ಮುಂದೂ ಯಾವಾಗ ಒಳಗ, ಯಾವಾಗ ಹೊರಗ ಅಂತ ಬರದೀರಿ. ನನ್ನ ಹೆಸರಿನ ಮುಂದ ಬರೇ ಒಳಗ ಅಂತ ಐತಿ. ನಾ ಹೊರಗ ಬರೂದು ಯಾವಾಗ್ರಿ?"

ನಾನು ಪೆನ್ನು ತಗೊಂಡೆ. ಚಾರ್ಟನ್ನ ಮೇಲಿಂದ ಕೆಳಗೆ ನೋಡಿದೆ. ಅವನನ್ನ ಹೊರಗೆ ತಂದ್ರೆ ಆ ಜಾಗಕ್ಕೆ ಹೋಗೋಕೆ ಸೊಂಟ ಸರಿಯಿರೋ ಒಂದು ಪ್ರಾಣಿಯೂ ಇರಲಿಲ್ಲ. ಆದ್ರೂ ನ್ಯಾಯ ನ್ಯಾಯವೇ. ಅವನ ಹೆಸರಿನ ಮುಂದೆ "ಹೊರಗೆ: ಮ್ಯಾಚ್ ಮುಗಿದ ಮೇಲೆ" ಅಂತ ಬರೆದೆ.

ಎರಡು ಗಡಿಯಾರ

ಲೀಗಿನ ಕೊನೇ ಮ್ಯಾಚಿಗೆ ಸೆಂಟರ್ ಹೆಂಡತಿ ಬಂದು ಸರಿಯಾಗಿ ನನ್ನ ಬೆನ್ನ ಹಿಂದೆ ಕೂತ್ರು. ಅವರ ಉಸಿರು ನನ್ನ ಕತ್ತಿಗೆ ತಾಗ್ತಿತ್ತು. ಸೆಂಟರ್ ಒಳಗೆ ಕಾಲಿಟ್ಟ ತಕ್ಷಣ ಅವರು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ್ರು.

ಈಗ ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ಪದ್ಧತಿ. ರೆಫರಿ ವಿಷಲ್ ಊದಿದಾಗೆಲ್ಲ ಆಟದ ಗಡಿಯಾರ ನಿಲ್ಲತ್ತೆ. ಮತ್ತೆ ಆಟ ಶುರುವಾದಾಗ ಗಡಿಯಾರವೂ ಶುರು. ಹಾಗಾಗಿ ಆಟದ ನಾಲ್ಕು ನಿಮಿಷ ಅಂದ್ರೆ ಮನೆ ಗಡಿಯಾರದಲ್ಲಿ ಎಂಟೋ ಒಂಬತ್ತೋ ಆಗಬಹುದು. ನಾನು ಬೋರ್ಡಿನ ಗಡಿಯಾರ ನೋಡ್ತಿದ್ದೆ, ಒಂದೂವರೆ ನಿಮಿಷ ಆಗಿತ್ತು. ಹಿಂದಿನಿಂದ ಬೆನ್ನಿಗೆ ಒಂದು ಬೆರಳು ಚುಚ್ಚಿತು.

"ನಾಲ್ಕು ನಿಮಿಷ ಆಯ್ತಣ್ಣ. ಕರೀರಿ."

"ಇಲ್ಲಮ್ಮ, ಇನ್ನೂ ಎರಡೂವರೆ ಇದೆ. ವಿಷಲ್ ಊದಿದಾಗ ಗಡಿಯಾರ ನಿಲ್ಲತ್ತೆ, ಅದು ಲೆಕ್ಕಕ್ಕಿಲ್ಲ."

"ಗಡಿಯಾರ ನಿಂತಾಗ ಇವರ ಹಾರ್ಟೂ ನಿಲ್ಲತ್ತಾ?"

"ಛೆ, ಬಿಡ್ತು ಅನ್ನಿ. ಅದು ಹೊಡ್ಕೊತಾನೇ ಇರತ್ತೆ."

"ಹಾಗಾದ್ರೆ ಅದು ಲೆಕ್ಕಕ್ಕಿದೆ" ಅಂದ್ರು.

ಸೆಂಟರನ್ನ ಕರೆದೆ. ಅವನು ನನಗೆ ಬಾಯಿಗೆ ಬಂದ ಹಾಗೆ ಬೈತಾ ಬಂದ, ಬೆಂಚಿನ ಹಿಂದೆ ಯಾರು ಕೂತಿದ್ದಾರೆ ಅಂತ ಕಂಡಾಗ ಅದನ್ನೇ ಕೆಮ್ಮು ಮಾಡ್ಕೊಂಡು ಕೂತ. ಮ್ಯಾಚನ್ನ ಹೇಗೋ ಧಾರವಾಡದವನು ಗೆಲ್ಲಿಸಿಕೊಟ್ಟ. ನಾವು ಸೆಮಿಫೈನಲಿಗೆ ಬಂದ್ವಿ. ಎಲ್ಲರೂ ನನ್ನನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೋಬೇಕು ಅಂತ ಬಂದ್ರು. ಸೊಂಟದ ನೆನಪಾಗಿ ಕೈ ಕುಲುಕಿ ಹೋದ್ರು.

ಕೊನೇ ನಿಮಿಷ

ಸೆಮಿಫೈನಲ್ ಎದುರಾಳಿಗಳು ಮೊನ್ನೆ ಮೊನ್ನೆ ನಲವತ್ತು ತುಂಬಿದ ಹುಡುಗರು. ನಮ್ಮ ಸೆಂಟರ್ ತನ್ನ ನಾಲ್ಕು ನಿಮಿಷವನ್ನ, ಅದೂ ಹೆಂಡತಿಯ ಗಡಿಯಾರದ ನಾಲ್ಕು ನಿಮಿಷವನ್ನ, ಮೊದಲರ್ಧದಲ್ಲೇ ಮುಗಿಸಿ ಬೆಂಚಿನ ಮೇಲೆ ಕೂತಿದ್ದ. ಆಟ ಹೇಗೋ ಸಮಸಮ ನಡೀತು. ಕೊನೇ ನಿಮಿಷ ಬಂದಾಗ ನಾವು ಒಂದೇ ಪಾಯಿಂಟ್ ಹಿಂದೆ.

ಆಗ ರೆಫರಿ ಹಲ್ಲಿನ ಡಾಕ್ಟರಿಗೆ ಐದನೇ ಫೌಲ್ ಕೊಟ್ಟ. ಐದಾದ್ರೆ ಹೊರಗೆ. ಅವನಿಗಿಂತ ಮುಂಚೆ ಇನ್ನಿಬ್ಬರು ಹಾಗೇ ಹೊರಗೆ ಬಂದಿದ್ರು. ಮತ್ತಿಬ್ಬರು ಕಾಲು ಹಿಡ್ಕೊಂಡು ಬೆಂಚಿನ ಪಕ್ಕ ಅಂಗಾತ ಮಲಗಿದ್ರು. ಕೋರ್ಟಿನಲ್ಲಿ ಉಳಿದೋರು ನಾಲ್ಕು ಜನ. ಐದನೆಯವನಾಗಿ ಹೋಗೋಕೆ ಇದ್ದೋನು ಸೆಂಟರ್ ಒಬ್ಬನೇ.

ನಾನು ಟೈಮ್ ಔಟ್ ತಗೊಂಡೆ. ಗಟ್ಟಿಯಾಗೇ ಹೇಳಿದೆ: "ನಾಲ್ಕೇ ಜನ ಆಡ್ತೀವಿ. ನಾನು ಮಾತು ಕೊಟ್ಟಿದ್ದೀನಿ."

ಹಿಂದಿನಿಂದ ಬೆರಳು ಚುಚ್ಚಿತು. ತಿರುಗಿದೆ. ಸೆಂಟರ್ ಹೆಂಡತಿ ಎದ್ದು ನಿಂತಿದ್ರು. ಮುಖ ಕೆಂಪಾಗಿತ್ತು, ಜಡೆ ಬಿಚ್ಚಿಹೋಗಿತ್ತು, ಮೊಬೈಲು ಎಲ್ಲೋ ಕುರ್ಚಿ ಕೆಳಗೆ ಬಿದ್ದಿತ್ತು.

"ಒಂದು ಪಾಯಿಂಟಿಗೆ ಯಾರಾದ್ರೂ ನಾಲ್ಕು ಜನರನ್ನ ಆಡಿಸ್ತಾರಾ?" ಅಂದ್ರು. "ಇವರನ್ನ ಕಳ್ಸಿ ಅಣ್ಣ."

"ಅಮ್ಮ, ನೀವೇ ಅಲ್ವಾ ನಾಲ್ಕು ನಿಮಿಷ..."

"ನಾಲ್ಕು ಅಂದ್ರೆ ನಾಲ್ಕೇನಾ? ಒಂದು ನಿಮಿಷಕ್ಕೆ ಏನೂ ಆಗಲ್ಲ. ಕಳ್ಸಿ."

ನಾನು ಸೆಂಟರ್ ಕಡೆ ನೋಡಿದೆ. ಇಷ್ಟು ದಿನ ಪ್ರಾಕ್ಟೀಸಲ್ಲೂ ಮ್ಯಾಚಲ್ಲೂ ಇನ್ನೊಂದು ನಿಮಿಷ ಕೊಡು ಅಂತ ನನ್ನ ಪ್ರಾಣ ತಿಂದೋನು. ಅವನು ಎದ್ದೇಳಲಿಲ್ಲ. ನನ್ನ ಟೀ ಶರ್ಟ್ ಹಿಡಿದು ಕೆಳಕ್ಕೆ ಎಳೆದು ಕಿವಿಯಲ್ಲಿ ಅಂದ: "ಬೇಡ ಕಣೋ. ನಂಗೆ ಭಯ ಆಗತ್ತೆ. ಇಷ್ಟು ದಿನ ನೀನು ನಾಲ್ಕು ನಿಮಿಷಕ್ಕೆ ಕರೀತೀಯ ಅನ್ನೋ ಧೈರ್ಯದ ಮೇಲೆ ಒಳಗೆ ಹೋಗ್ತಿದ್ದೆ."

ನನ್ನ ಕಣ್ಣು ಒದ್ದೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ನಲವತ್ತು ವರ್ಷದ ಸ್ನೇಹದಲ್ಲಿ ಅವನು ಭಯ ಅನ್ನೋ ಮಾತಾಡಿದ್ದನ್ನ ನಾನು ಕೇಳಿರಲಿಲ್ಲ. ಅವನ ಭುಜ ಒತ್ತಿ ಹಿಡ್ಕೊಂಡು ರೆಫರಿಗೆ ನಾಲ್ಕು ಬೆರಳು ತೋರಿಸಿದೆ.

ನಾಲ್ಕು ಜನ ಆಡಿದ್ರು. ಧಾರವಾಡದವನು ಇಬ್ಬರ ಪಾಲು ಓಡಿದ. ಒಂದೇ ಪಾಯಿಂಟಲ್ಲಿ ಸೋತ್ವಿ.

ವಿಷಲ್ ಊದಿದ ತಕ್ಷಣ ನಾನು ತಲೆ ಎಣಿಸಿದೆ. ಹತ್ತು. ಮಲಗಿದ್ದೋರು ಸೇರಿ ಹತ್ತೂ ಉಸಿರಾಡ್ತಿದ್ರು. ಇನ್ನು ಒಂದು ವರ್ಷ ಮ್ಯಾಚಿಲ್ಲ. ನಾನು ಸಂತೋಷ ತಡೀಲಾರದೆ ಸೆಂಟರನ್ನ ತಬ್ಬಿಕೊಂಡೆ, ಅವನು ಡಾಕ್ಟರನ್ನ ತಬ್ಬಿಕೊಂಡ, ಹೆಂಡತಿ ಮಕ್ಕಳೆಲ್ಲ ಓಡಿ ಬಂದು ಫೋಟೋ ತೆಗೆಯೋಕೆ ಶುರು ಮಾಡಿದ್ರು. ಎದುರು ಟೀಮಿನ ಕ್ಯಾಪ್ಟನ್ ಬಂದು ನನ್ನ ಕೈ ಕುಲುಕಿ "ಕಂಗ್ರಾಟ್ಸ್ ಅಂಕಲ್, ಸಖತ್ತಾಗಿ ಆಡಿದ್ರಿ" ಅಂದ. ಎರಡು ಹೆಜ್ಜೆ ಹೋಗಿ ನಿಂತು, ಸ್ಕೋರ್ ಬೋರ್ಡ್ ಕಡೆ ತಿರುಗಿ ನೋಡಿದ. ಅವರ ಟೀಮಲ್ಲಿ ಯಾರೂ ಇನ್ನೂ ಕುಣಿದಿರಲಿಲ್ಲ.

ಇಷ್ಟು ಜನರಲ್ಲಿ ನಗದೇ ಇದ್ದೋರು ಸೆಂಟರ್ ಹೆಂಡತಿ ಒಬ್ಬರೇ. ಸೀದಾ ನನ್ನ ಮುಂದೆ ಬಂದು ನಿಂತ್ರು. "ಅಣ್ಣ, ಬರೋ ವರ್ಷ ಇವರನ್ನ ಪೂರ್ತಿ ಮ್ಯಾಚ್ ಆಡಿಸಬೇಕು. ಮಾತು ಕೊಡಿ" ಅಂದ್ರು.

ನಾನು ಸಹಾಯಕ್ಕೆ ಅಂತ ಸೆಂಟರನ್ನ ಹುಡುಕಿದೆ. ಆರಡಿ ಮೂರಂಗುಲದ ಮನುಷ್ಯ ಮೊಣಕಾಲು ಮಡಚಿ, ಐದಡಿ ಐದಂಗುಲದ ನನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡಿದ್ದ.